ಹಾರ್ಟ್ ಅಟ್ಯಾಕ್ ಆದಾಗ ತಾಲ್ಲೂಕು ಆಸ್ಪತ್ರೇಲೇ ಇಂಜೆಕ್ಷನ್ ಹಾಕ್ಸಿದ್ದು ಸರಿನಾ, ನೇರ ಮೈಸೂರಿಗೆ ಹೋಗ್ಬೇಕಿತ್ತಾ?

ಕಬಿನಿ_ಹುಡುಗ:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 57 ವರ್ಷ, ಶುಗರ್ ಇದೆ, ಬೀಡಿ ಚಿಕ್ಕ ವಯಸ್ಸಿಂದಾನೂ ಸೇದ್ತಾರೆ. ಹೋದ ತಿಂಗಳು ಒಂದಿನ ರಾತ್ರಿ ಊಟ ಆದ್ಮೇಲೆ ಎದೆ ಹಿಡ್ಕೊಂಡಂಗೆ ಆಗ್ತಿದೆ, ದವಡೆ ನೋಯ್ತಿದೆ ಅಂದ್ರು, ಬನಿಯನ್ ಹಿಂಡಿದ್ರೆ ನೀರು ಬರೋ ಹಂಗೆ ಬೆವರು. ಅಮ್ಮ ಗ್ಯಾಸಿರ್ಬೇಕು ಅಂತ ಓಮದ ನೀರು ಕೊಟ್ರು, ಹತ್ರದ ಕ್ಲಿನಿಕ್ಕಲ್ಲೂ ಗ್ಯಾಸಿಗೆ ಅಂತ್ಲೇ ಸೂಜಿ ಹಾಕಿ ಮನೆಗೆ ಕಳ್ಸಿದ್ರು. ಕಮ್ಮಿ ಆಗ್ಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಅಲ್ಲಿ ಹೋಗ್ತಿದ್ದಂಗೆ ಇಸಿಜಿ ತೆಗೆದು, ಅದನ್ನ ದೊಡ್ಡಾಸ್ಪತ್ರೆ ಡಾಕ್ಟರಿಗೆ ಕಳ್ಸಿ ಕೇಳಿ, ಇದು ಹಾರ್ಟ್ ಅಟ್ಯಾಕೇ ಅಂತ ಮಾತ್ರೆ ಅಗಿಯೋಕೆ ಕೊಟ್ಟು, ರಕ್ತನಾಳದಲ್ಲಿ ಕಟ್ಟಿದ ಗಡ್ಡೆ ಕರಗ್ಸೋ ಟೆನೆಕ್ಟೆಪ್ಲೇಸ್ ಅನ್ನೋ ಇಂಜೆಕ್ಷನ್ ಹಾಕಿದ್ರು, ಒಂದು ರೂಪಾಯಿನೂ ತಗೊಳ್ಲಿಲ್ಲ. ಆಮೇಲೆ ಆಂಬುಲೆನ್ಸಲ್ಲಿ ಮೈಸೂರು, ಮಾರನೇ ದಿನ ಆಂಜಿಯೋಗ್ರಾಮ್ (ಹಾರ್ಟಿನ ರಕ್ತನಾಳ ಎಲ್ಲಿ ಬ್ಲಾಕ್ ಆಗಿದೆ ಅಂತ ನೋಡೋ ಎಕ್ಸ್‌ರೇ), ಒಂದು ಸ್ಟೆಂಟ್ (ನಾಳ ತೆರೆದಿಡೋ ಸಣ್ಣ ಜಾಲರಿ ಕೊಳವೆ). ಈಗ ಮನೇಲಿದ್ದಾರೆ, ಓಡಾಡ್ತಾರೆ.

ಆದ್ರೆ ಬೆಂಗಳೂರಿಂದ ನೋಡೋಕೆ ಬಂದ ಚಿಕ್ಕಪ್ಪ, "ಅಲ್ಲಿ ಯಾಕೆ ಟೈಮ್ ವೇಸ್ಟ್ ಮಾಡಿದ್ರಿ, ನೇರ ಮೈಸೂರಿಗೆ ಕರ್ಕೊಂಡು ಹೋಗಿ ಸ್ಟೆಂಟ್ ಹಾಕ್ಸಿದ್ರೆ ಹಾರ್ಟು ಇನ್ನೂ ಚೆನ್ನಾಗಿ ಉಳೀತಿತ್ತು" ಅಂತ ಎಲ್ರ ಮುಂದೆ ಬೈದ್ರು. ನಮ್ಮೂರಿಂದ ಮೈಸೂರು ರಾತ್ರಿ ಹೊತ್ತು ಎರಡು ಗಂಟೆ ಮೇಲೆ ಹಿಡಿಯುತ್ತೆ. ಅಮ್ಮ ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ಇದ್ರ ಬಗ್ಗೆ ಸ್ಟಡಿ ಏನಾದ್ರೂ ಆಗಿದ್ಯಾ, ತಿಳಿದೋರು ಹೇಳಿ.

ಟ್ರಯಲ್_ಕೆಲಸದವಳು:
ಮೊದ್ಲು ನಿಮ್ಮಮ್ಮಂಗೆ ಊಟ ಮಾಡೋಕೆ ಹೇಳಿ, ನೀವು ಮಾಡಿದ್ದು ಸರಿ ಇದೆ. ನಾನು ಡಾಕ್ಟರ್ ಅಲ್ಲ, ಹಾರ್ಟ್ ಟ್ರಯಲ್‌ಗಳಲ್ಲಿ (ಯಾವ ಟ್ರೀಟ್‌ಮೆಂಟ್ ಒಳ್ಳೇದು ಅಂತ ಪೇಷೆಂಟ್‌ಗಳ ಮೇಲೆ ಹೋಲಿಸಿ ನೋಡೋ ಸ್ಟಡಿ) ಕೋಆರ್ಡಿನೇಟರ್, ಅಂದ್ರೆ ಪೇಷೆಂಟ್ ಫೈಲು, ಫಾಲೋಅಪ್ ಎಲ್ಲಾ ನೋಡ್ಕೊಳ್ಳೋ ಕೆಲಸ. ನಿಮ್ಮ ಚಿಕ್ಕಪ್ಪ ಹೇಳಿದ್ದು ಸಿಟಿ ಒಳಗೆ ಇರೋರಿಗೆ ನಿಜ, ಕ್ಯಾಥ್ ಲ್ಯಾಬ್ (ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಹಾಕೋ ಕೋಣೆ) ಹತ್ರ ಇದ್ರೆ ನೇರ ಆಂಜಿಯೋಪ್ಲಾಸ್ಟಿನೇ, ಅಂದ್ರೆ ಬಲೂನ್, ಸ್ಟೆಂಟಿಂದ ನಾಳ ತೆರೆಯೋದೇ ಒಳ್ಳೇದು. ಆದ್ರೆ ಒಂದು ಗಂಟೆ ಒಳಗೆ ಆಂಜಿಯೋಪ್ಲಾಸ್ಟಿ ಸಿಗದೇ ಇರೋರಿಗೆ ಏನು ಮಾಡ್ಬೇಕು ಅಂತ್ಲೇ ಸ್ಟ್ರೀಮ್ ಅನ್ನೋ ಟ್ರಯಲ್ ಮಾಡಿದ್ರು, 2013ರಲ್ಲಿ ಬಂತು. ನೋವು ಶುರುವಾಗಿ 3 ಗಂಟೆ ಒಳಗೆ ಬಂದ 1,892 ಜನ. ಅರ್ಧ ಜನಕ್ಕೆ ನಿಮ್ಮಪ್ಪಂಗೆ ಹಾಕಿದ ಇದೇ ಟೆನೆಕ್ಟೆಪ್ಲೇಸ್ ಕೊಟ್ಟು ಆಮೇಲೆ ಆಂಜಿಯೋಗ್ರಾಮ್, ಇನ್ನರ್ಧ ಜನಕ್ಕೆ ನೇರ ಆಂಜಿಯೋಪ್ಲಾಸ್ಟಿ. ಒಂದು ತಿಂಗಳಲ್ಲಿ ಸಾವು, ಶಾಕ್ (ಹಾರ್ಟ್ ಸೋತು ಬಿ.ಪಿ. ಪೂರ್ತಿ ಕುಸಿಯೋದು), ಹಾರ್ಟ್ ಫೇಲ್ಯೂರ್, ಮತ್ತೆ ಅಟ್ಯಾಕ್ ಇವೆಲ್ಲಾ ಸೇರ್ಸಿ ನೋಡಿದ್ರೆ ಇಂಜೆಕ್ಷನ್ ಗುಂಪಲ್ಲಿ ಶೇ. 12.4, ಇನ್ನೊಂದ್ರಲ್ಲಿ ಶೇ. 14.3. ಅಂದ್ರೆ ಇಂಜೆಕ್ಷನ್ ತಗೊಂಡೋರಿಗೆ ಏನೂ ನಷ್ಟ ಆಗ್ಲಿಲ್ಲ.

ಒಂದು ಅಪಾಯ ಇದೆ, ಮುಚ್ಚಿಡೋದು ಬೇಡ. ತಲೆ ಒಳಗೆ ಬ್ಲೀಡಿಂಗ್ ಆಗೋದು ಇಂಜೆಕ್ಷನ್ ಗುಂಪಲ್ಲಿ ಜಾಸ್ತಿ ಇತ್ತು, ಶೇ. 1 ಮತ್ತು ಶೇ. 0.2. ಅದಕ್ಕೇ ಟ್ರಯಲ್ ನಡೀತಿರುವಾಗ್ಲೇ 75 ದಾಟಿದೋರಿಗೆ ಡೋಸ್ ಅರ್ಧ ಮಾಡಿದ್ರು, ಆಮೇಲೆ ಅದು ಕಮ್ಮಿ ಆಯ್ತು. ಮತ್ತೆ ಇಂಜೆಕ್ಷನ್ ಹಾಕಿಸ್ಕೊಂಡು ಅಲ್ಲೇ ಕೂರೋ ಹಾಗಿಲ್ಲ, ಆ ಟ್ರಯಲ್‌ನಲ್ಲಿ ಶೇ. 36 ಜನಕ್ಕೆ ಇಂಜೆಕ್ಷನ್ ಸಾಲದೆ ಅರ್ಜೆಂಟಾಗಿ ಆಂಜಿಯೋಗ್ರಾಮ್ ಬೇಕಾಯ್ತು, ನಿಮ್ಮೂರ ಡಾಕ್ಟರು ಮೈಸೂರಿಗೆ ಕಳ್ಸಿದ್ದು ಅದಕ್ಕೇ. ಇನ್ನು ಅಗಿಯೋಕೆ ಕೊಟ್ಟ ಮಾತ್ರೆ ಆಸ್ಪಿರಿನ್ ಇರುತ್ತೆ. 1988ರ ಐಸಿಸ್-2 ಅಂತ 17,187 ಜನರ ಟ್ರಯಲ್‌ನಲ್ಲಿ ಆ ಮಾತ್ರೆ ಒಂದ್ರಿಂದ್ಲೇ ಐದು ವಾರದ ಸಾವು ಶೇ. 11.8ರಿಂದ 9.4ಕ್ಕೆ ಇಳೀತು. ಅಷ್ಟು ಅಗ್ಗದ ಮಾತ್ರೆ!

ರೇಷ್ಮೆಗೂಡು:
ಇಂಜೆಕ್ಷನ್ ಸರಿ ಕಣ್ರೀ, ಸ್ಟೆಂಟ್ ಯಾಕೆ ಬೇಕಿತ್ತು? ನಮ್ಮ ಭಾವಂಗೆ ಟಿಎಂಟಿಲಿ (ಓಡ್ಸಿ ಇಸಿಜಿ ನೋಡೋ ಟೆಸ್ಟು) ಏನೋ ಬಂತು ಅಂತ ಆಂಜಿಯೋಗ್ರಾಮ್ ಮಾಡಿ, ಟೇಬಲ್ ಮೇಲಿರುವಾಗ್ಲೇ ಹೊರಗೆ ಬಂದು ಈಗ್ಲೇ ಎರಡು ಸ್ಟೆಂಟ್ ಹಾಕ್ಬೇಕು, ಸೈನ್ ಮಾಡಿ ಅಂದ್ರು, ಸಾಲ ಇನ್ನೂ ತೀರಿಲ್ಲ. ಮಾತ್ರೆನೂ ಒಂದೇ ಸ್ಟೆಂಟೂ ಒಂದೇ ಅಂತ ಅಮೆರಿಕದಲ್ಲೇ ಪ್ರೂವ್ ಆಗಿದೆ ಅಂತ ಓದಿದೀನಿ, ಜನಕ್ಕೆ ಇದು ಗೊತ್ತಾಗ್ಬೇಕು.

ಟ್ರಯಲ್_ಕೆಲಸದವಳು:
ರೇಷ್ಮೆಗೂಡು ಅವ್ರೆ, ನಿಮ್ಮ ಭಾವನ ವಿಷಯ ಓದಿ ಬೇಜಾರಾಯ್ತು, ಟೇಬಲ್ ಮೇಲೆ ಮಲಗ್ಸಿ ಮನೆಯವ್ರನ್ನ ಅವಸರ ಮಾಡೋದು ತಪ್ಪು. ನೀವು ಓದಿದ್ದು 2007ರ ಕರೇಜ್ ಟ್ರಯಲ್ ಇರ್ಬೇಕು, 2020ರಲ್ಲಿ ಇಸ್ಕೀಮಿಯಾ ಅಂತ 5,179 ಜನರ ಇನ್ನೊಂದು ಬಂತು, ಎರಡ್ರಲ್ಲೂ ಸಾವು, ಅಟ್ಯಾಕ್ ವಿಷಯದಲ್ಲಿ ಬರೀ ಮಾತ್ರೆಗೂ ಸ್ಟೆಂಟ್ ಥರದ ಟ್ರೀಟ್‌ಮೆಂಟಿಗೂ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ ನಿಜ. ಆದ್ರೆ ಅವೆರಡೂ ಸ್ಟೇಬಲ್ ಪೇಷೆಂಟ್‌ಗಳ ಮೇಲೆ ಮಾಡಿದ್ದು, ನಡೆದಾಗ ಎದೆ ನೋವು ಬಂದು ಕೂತ್ರೆ ಹೋಗೋರು, ಅಥವಾ ನಿಮ್ಮ ಭಾವನ ಥರ ಟೆಸ್ಟಲ್ಲಿ ಸಿಕ್ಕೋರು. ಅಂಥೋರು ಟೈಮ್ ತಗೊಂಡು ಬೇರೆ ಡಾಕ್ಟರ್ ಹತ್ರ ಕೇಳ್ಬಹುದು, ಕೇಳ್ಲೇಬೇಕು. ಇವ್ರ ಅಪ್ಪಂಗೆ ಆಗಿದ್ದು ಬೇರೆ, ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಪೂರ್ತಿ ಬ್ಲಾಕ್ ಆಗೋದು, ಅಲ್ಲಿ ಒಂದೊಂದು ನಿಮಿಷಕ್ಕೂ ಹಾರ್ಟಿನ ಮಾಂಸ ಸಾಯ್ತಾ ಹೋಗುತ್ತೆ. ದಯವಿಟ್ಟು ಎರಡನ್ನೂ ಸೇರಿಸ್ಬೇಡಿ, ಇದನ್ನ ಓದಿ ಅಟ್ಯಾಕ್ ಆದಾಗ ಯಾರಾದ್ರೂ ಸ್ಟೆಂಟ್ ಬೇಡ ಅಂದ್ಬಿಟ್ರೆ ಜೀವಕ್ಕೇ ಕುತ್ತು.

ಸಿಸ್ಟರ್_ವಿಜಾಪುರ:
ತಮ್ಮಾ, ನಾ ನಮ್ ಕಡೆ ತಾಲೂಕ ದವಾಖಾನ್ಯಾಗ ಸ್ಟಾಫ್ ನರ್ಸ್ ಇದೀನಿ. ನಿಮ್ಮ ಅಪ್ಪಾರಿಗೆ ಪುಕ್ಕಟ ಸಿಕ್ಕದ್ದು ರಾಜ್ಯ ಸರ್ಕಾರದ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನಾದಾಗ ಬರೂ ಇಂಜೆಕ್ಷನ್ ಇರಬೇಕು, ಹೊರಗ ಅದಕ್ಕ ಸಾವಿರಾರು ರೂಪಾಯಿ ಆಗ್ತದ. ಅದನ್ನ ಸುಮ್ನ ಹಾಕೂದಿಲ್ಲ, ಮೊದಲ ಲಕ್ವಾ ಹೊಡದಿತ್ತೇನು, ಇತ್ತೀಚಿಗಿ ಆಪರೇಷನ್ ಆಗೇದೇನು, ಹೊಟ್ಟ್ಯಾಗ ಹುಣ್ಣಾಗಿ ರಕ್ತ ಹೋಗಿತ್ತೇನು ಅಂತ ಒಂದೊಂದಾ ಕೇಳಿ, ಬಿ.ಪಿ. ನೋಡಿ ಹಾಕ್ತೀವಿ. ಹಾಕಿದ ಮ್ಯಾಲೆ ತಾಸೂವರಿಗೆ ಮತ್ತ ಇಸಿಜಿ, ಮ್ಯಾಲೆ ಎದ್ದಿದ್ದ ಗೆರಿ ಅರ್ಧಕ್ಕಿಂತ ಜಾಸ್ತಿ ಕೆಳಗ ಇಳದಿದ್ರ ರಕ್ತ ಹರಿಯಾಕ ಹತ್ತೇದ ಅಂತ ಲೆಕ್ಕ.

ನನಗ ಸಂಕಟ ಆಗೂದು ಯಾವುದಂದ್ರ ಆ ಗ್ಯಾಸಿಂದು. ನಮ್ಮಲ್ಲಿ ಬರೂ ಮಂದಿ ಸಂಜಿಗೆ ನೋವು ಶುರುವಾದ್ರ ಸೋಡಾ ಕುಡದು, ಎದಿಗೆ ಎಣ್ಣಿ ತಿಕ್ಕೊಂಡು, ಮುಂಜಾನೆ ಬರ್ತಾರ. ಹೆಣ್ಮಕ್ಕಳಂತೂ ರೊಟ್ಟಿ ಬಡದು ಎಲ್ಲಾರಿಗೂ ಉಣಿಸೇ ಬರ್ತಾರ. ಶುಗರ್ ಇದ್ದವ್ರಿಗೆ ಒಮ್ಮೊಮ್ಮೆ ನೋವೇ ಇರೂದಿಲ್ಲ, ಬರೇ ದಮ್ಮು, ಬೆವರು, ವಾಂತಿ. ಅನುಮಾನ ಇದ್ರ ಮೊದಲ ಇಸಿಜಿ ತಗಿಸ್ರಿ, ಗ್ಯಾಸ ಹೌದೋ ಅಲ್ಲೋ ಆಮ್ಯಾಲೆ ನೋಡೂನು.

ಟ್ರಯಲ್_ಕೆಲಸದವಳು:
ಸಿಸ್ಟರ್ ಹೇಳಿದ್ದಕ್ಕೆ ನಮ್ಮ ದೇಶದ್ದೇ ಲೆಕ್ಕ ಇದೆ. ಕ್ರಿಯೇಟ್ ಅಂತ ರಿಜಿಸ್ಟ್ರಿ (ಆಸ್ಪತ್ರೆಗೆ ಬಂದ ಪೇಷೆಂಟ್‌ಗಳಿಗೆ ಏನಾಯ್ತು ಅಂತ ಬರ್ಕೊಳ್ಳೋ ದಾಖಲೆ), ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಜೇವಿಯರ್, ಪ್ರೇಮ್ ಪೈಸ್ ಅವ್ರೆಲ್ಲಾ ಸೇರಿ ಮಾಡಿದ್ದು, 50 ಊರಿನ 89 ಆಸ್ಪತ್ರೆ, 20 ಸಾವಿರ ಮೇಲೆ ಪೇಷೆಂಟ್‌ಗಳು, 2008ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂತು. ಇಸಿಜಿಲಿ ಗೆರೆ ಎದ್ದಿರೋ ಥರದ ಅಟ್ಯಾಕ್ ಆದೋರಲ್ಲಿ ಅರ್ಧ ಜನ ಆಸ್ಪತ್ರೆ ಮುಟ್ಟೋಕೆ 300 ನಿಮಿಷ ಅಥವಾ ಜಾಸ್ತಿ ತಗೊಂಡಿದ್ರು, ಅಂದ್ರೆ ಐದು ಗಂಟೆ! ಇನ್ನೊಂದು ನನ್ನ ಮನಸ್ಸಿಂದ ಹೋಗಲ್ಲ. ಒಂದು ತಿಂಗಳಲ್ಲಿ ಬಡವ್ರಲ್ಲಿ ಶೇ. 8.2, ಶ್ರೀಮಂತ್ರಲ್ಲಿ ಶೇ. 5.5 ತೀರ್ಕೊಂಡ್ರು. ಸಿಕ್ಕ ಟ್ರೀಟ್‌ಮೆಂಟ್ ಲೆಕ್ಕಕ್ಕೆ ತಗೊಂಡು ನೋಡಿದ್ರೆ ಆ ವ್ಯತ್ಯಾಸನೇ ಉಳೀಲಿಲ್ಲ. ಬಡವ್ರ ಹಾರ್ಟ್ ಬೇರೆ ಅಲ್ಲ, ಅವ್ರಿಗೆ ಔಷಧಿ, ಆಂಜಿಯೋಪ್ಲಾಸ್ಟಿ ಸಿಕ್ಕಿದ್ದು ಕಮ್ಮಿ, ಅಷ್ಟೇ. ತಾಲ್ಲೂಕಲ್ಲಿ ಪುಕ್ಕಟೆ ಇಂಜೆಕ್ಷನ್ ಇಡೋದು ಎಷ್ಟು ದೊಡ್ಡ ಕೆಲಸ ಅಂತ ಇದನ್ನ ನೋಡಿದ್ರೆ ಗೊತ್ತಾಗುತ್ತೆ.

ಕಬಿನಿ_ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ, ಸಿಸ್ಟರ್‌ಗೂ. ಅಮ್ಮಂಗೆ ಓದಿ ಹೇಳ್ದೆ. ಎರಡು ವಿಷಯ ಕೇಳ್ಬೇಕು. ಅಪ್ಪ ಬೀಡಿ ಬಿಟ್ಟಿಲ್ಲ, ಇಷ್ಟಾದ್ಮೇಲೆ ಬಿಟ್ಟು ಏನು ಪ್ರಯೋಜನ ಅಂತಾರೆ. ಮತ್ತೆ ನಂಗೆ 31, ನಾನು ಏನಾದ್ರೂ ಟೆಸ್ಟ್ ಮಾಡಿಸ್ಬೇಕಾ?

ಟ್ರಯಲ್_ಕೆಲಸದವಳು:
ಅಪ್ಪಂಗೆ ಹೇಳಿ, ಹಾರ್ಟ್ ಕಾಯಿಲೆ ಬಂದ್ಮೇಲೆ ಬಿಟ್ಟೋರ ಬಗ್ಗೆನೇ ಹಲವು ಸ್ಟಡಿ ಒಟ್ಟಿಗೆ ಸೇರ್ಸಿ 2003ರಲ್ಲಿ ನೋಡಿದ್ರು, ಸೇದ್ತಾ ಇದ್ದೋರಿಗಿಂತ ಬಿಟ್ಟೋರಲ್ಲಿ ಸಾವು ಶೇ. 36ರಷ್ಟು ಕಮ್ಮಿ. ಇಷ್ಟು ಫಲ ಕೊಡೋ ಮಾತ್ರೆ ಜಾಸ್ತಿ ಇಲ್ಲ. ಬೀಡಿ ಸಿಗರೇಟಿಗಿಂತ ವಾಸಿ ಅಂತ ಅಂದ್ರೆ ನಂಬ್ಬೇಡಿ, 52 ದೇಶದ ಇಂಟರ್‌ಹಾರ್ಟ್ ಸ್ಟಡಿಲಿ ಬೀಡಿಗೂ ರಿಸ್ಕ್ ಏರಿತ್ತು. ಅದೇ ಸ್ಟಡಿಲಿ ನಮ್ಮ ದಕ್ಷಿಣ ಏಷ್ಯಾ ಕಡೆ ಜನಕ್ಕೆ ಮೊದಲ ಅಟ್ಯಾಕ್ ಆಗೋ ಮಧ್ಯದ ವಯಸ್ಸು 53, ಬೇರೆ ದೇಶದೋರಿಗೆ ಸುಮಾರು 59.

ಅದಕ್ಕೇ ನಿಮ್ಗೆ 31 ಬೇಗ ಏನಲ್ಲ. ಬಿ.ಪಿ., ಶುಗರ್, ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಟೆಸ್ಟು) ಮಾಡ್ಸಿ, ಜೊತೆಗೆ ಲೈಪೋಪ್ರೋಟೀನ್-ಎ (ಹಾರ್ಟ್ ರಿಸ್ಕ್ ಏರಿಸೋ ಒಂಥರಾ ಕೊಲೆಸ್ಟ್ರಾಲ್ ಕಣ) ಅಂತ ಒಂದು ರಕ್ತ ಪರೀಕ್ಷೆ ಕೇಳಿ, ಅದು ಹೆಚ್ಚು ಕಮ್ಮಿ ಹುಟ್ಟಿಂದ ಬಂದಷ್ಟೇ ಇರುತ್ತೆ, ಹಾಗಾಗಿ ಸಾಮಾನ್ಯವಾಗಿ ಒಂದು ಸಲ ನೋಡಿದ್ರೆ ಸಾಕು. ತಂಗಿ, ತಮ್ಮ ಇದ್ರೆ ಅವ್ರಿಗೂ ಮಾಡ್ಸಿ.

ಸಿಸ್ಟರ್_ವಿಜಾಪುರ:
ಇನ್ನೊಂದ್ ಮಾತ್ ತಮ್ಮಾ. ಸ್ಟೆಂಟ್ ಹಾಕಿದ ಮ್ಯಾಲೆ ಕೊಟ್ಟ ರಕ್ತ ತೆಳು ಮಾಡೂ ಎರಡು ಗುಳಿಗಿ, ಹಲ್ಲು ಕೀಳಿಸೂದೈತಿ ಅಂತನೋ, ಗುಳಿಗಿ ಮುಗದ್ವು ಅಂತನೋ, ಹಾರ್ಟಿನ ಡಾಕ್ಟರ್‌ನ ಕೇಳದ ಬಿಡಬ್ಯಾಡ್ರಿ, ಸ್ಟೆಂಟ್ ಒಳಗ ಮತ್ತ ರಕ್ತ ಹೆಪ್ಪಗಟ್ಟತದ. ಚೀಟಿ ಫೋಟೋ ಹೊಡದು ಮನ್ಯಾಗ ಎಲ್ಲಾರ ಫೋನಿನ್ಯಾಗೂ ಇಟ್ಕೋರಿ.