ಟ್ಯಾಕ್ಸಿಗೆ ಸಿಎನ್‌ಜಿ ಗಿಟ್ಟುತ್ತಾ? ಚಿಕ್ಕಮಗಳೂರು, ಹಾಸನದವರು ಹೇಳಿ

ಕೈಮರ ಹುಡುಗ: ಹೋಂಸ್ಟೇ ಗೆಸ್ಟ್‌ಗಳಿಗೆ ಓಡಿಸೋಕೆ ಹೊಸ ಕಾರು ನೋಡುತ್ತಿದ್ದೇನೆ. ಸಿಎನ್‌ಜಿ ಗಾಡಿಗೆ 95 ಸಾವಿರ ಜಾಸ್ತಿ ಹೇಳುತ್ತಿದ್ದಾರೆ. ಪೆಟ್ರೋಲ್ 103, ಗ್ಯಾಸ್ 88 ಅಂತ ಇಟ್ಟುಕೊಂಡರೂ ಬರೀ 15 ರೂಪಾಯಿ ವ್ಯತ್ಯಾಸ. ಇಷ್ಟಕ್ಕೆ ಅಷ್ಟು ದುಡ್ಡು ಸುರಿಯಬೇಕಾ?

ಹಾಸನ ಲೆಕ್ಕಿಗ: ಅಲ್ಲೇ ತಪ್ಪಿದ್ದು ನೋಡಿ. ಪೆಟ್ರೋಲ್ ಲೀಟರ್ ಲೆಕ್ಕ, ಗ್ಯಾಸ್ ಕೆಜಿ ಲೆಕ್ಕ. ಒಂದು ಕೆಜಿ ಗ್ಯಾಸಿನಲ್ಲಿ ಹೆಚ್ಚುಕಮ್ಮಿ 1.4 ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇದೆ. ನಿಮ್ಮ ರಸ್ತೆಗೆ ಪೆಟ್ರೋಲಲ್ಲಿ 18, ಗ್ಯಾಸಲ್ಲಿ 25 ಕಿ.ಮೀ. ಹಿಡಿಯಿರಿ. ಕಿಲೋಮೀಟರಿಗೆ 5.70 ಎಲ್ಲಿ, 3.50 ಎಲ್ಲಿ! ಆ 95 ಸಾವಿರ ಹುಟ್ಟೋಕೆ 43 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ 3,000 ಓಡಿದರೆ ಒಂದೂಕಾಲು ವರ್ಷ ಸಾಕು. ನನ್ನ ಹಾಗೆ 600 ಓಡಿಸೋರಿಗೆ ಆರು ವರ್ಷ. ಅದಕ್ಕೇ ನಾನು ತಗೊಂಡಿಲ್ಲ.

ಮೂಡಿಗೆರೆ ಸ್ಟ್ಯಾಂಡ್: ಲೆಕ್ಕ ಸರಿ ಸಾರ್. ಕ್ಯೂನಲ್ಲಿ ನಿಂತ ಹೊತ್ತಿಗೆ ಯಾರು ದುಡ್ಡು ಕೊಡ್ತಾರೆ? ನಾನು ತುಂಬಿಸೋ ಬಂಕಿಗೆ ಪೈಪ್‌ಲೈನ್ ಇಲ್ಲ, ಗ್ಯಾಸ್ ಲಾರಿಯಲ್ಲೇ ಬರಬೇಕು. ಮೊನ್ನೆ ಶನಿವಾರ ಮುಕ್ಕಾಲು ಗಂಟೆ ಕಾದೆ. ನನ್ನ ಸರದಿ ಬರೋ ಹೊತ್ತಿಗೆ ಪ್ರೆಶರ್ ಬಿದ್ದುಹೋಗಿತ್ತು. 200 ಬಾರ್ ತೋರಿಸಬೇಕಾದ ಮುಳ್ಳು 120 ದಾಟಲಿಲ್ಲ. ಎಂಟು ಕೆಜಿ ಹಿಡಿಯೋ ಸಿಲಿಂಡರಲ್ಲಿ ಐದೂ ತುಂಬಿರಲಿಕ್ಕಿಲ್ಲ. ಮುಳ್ಳಯ್ಯನಗಿರಿ ಟ್ರಿಪ್ ಒಂದು ಕೈಬಿಟ್ಟು ಹೋಯಿತು.

ತೋಟದ ಮನೆ: ಗ್ಯಾಸಲ್ಲಿ ಎಳೆತವೂ ಕಮ್ಮಿ. ಐದು ಜನ ಕೂತು ಚಾರ್ಮಾಡಿ ಹತ್ತುವಾಗ ನಾನು ಸುಮ್ನೆ ಪೆಟ್ರೋಲಿಗೆ ಹಾಕಿಬಿಡುತ್ತೇನೆ. ಆಗ ಲೆಕ್ಕಿಗರ 3.50 ಎಲ್ಲಿ ಉಳೀತು? ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಬೇರೆ.

ಹಾಸನ ಲೆಕ್ಕಿಗ: ದಿನಾ ಘಾಟಿ ಹತ್ತುತ್ತೀರಾ ಸಾರ್? ನನಗೆ ಭಯ ಇರೋದು ರೇಟಿನದು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದವರು ನಮ್ಮ ದೇಶದ ಹಳೇ ಗ್ಯಾಸ್ ಬಾವಿಗಳ ಗ್ಯಾಸ್ ಬೆಲೆಯನ್ನ ಕಚ್ಚಾ ತೈಲದ ಬೆಲೆಯ ಶೇ. 10ಕ್ಕೆ ಕಟ್ಟಿದರು, ಮೇಲೊಂದು ಮಿತಿಯನ್ನೂ ಇಟ್ಟರು. ಆದರೆ ಆ ಗ್ಯಾಸ್ ಎಲ್ಲರಿಗೂ ಸಾಲದು. ಉಳಿದದ್ದು ಎಲ್‌ಎನ್‌ಜಿ, ಅಂದರೆ ತಣ್ಣಗೆ ಮಾಡಿ ದ್ರವವಾಗಿಸಿದ ಗ್ಯಾಸ್ ಆಗಿ ಹಡಗಲ್ಲಿ ಬರಬೇಕು, ಡಾಲರ್ ಕೊಟ್ಟು. ಈಗಿನ 2.20 ಉಳಿತಾಯ ನಾಳೆ 1.50ಕ್ಕೆ ಇಳಿದರೆ, 43 ಸಾವಿರ ಹೋಗಿ 63 ಸಾವಿರ ಕಿ.ಮೀ. ಆಗುತ್ತೆ.

ಮೂಡಿಗೆರೆ ಸ್ಟ್ಯಾಂಡ್: ಬೈದುಕೊಂಡರೂ ನಾನಂತೂ ಮಾರಲ್ಲ. ಎರಡು ವರ್ಷಕ್ಕೆ 70 ಸಾವಿರ ಓಡಿದೆ, ಹಾಕಿದ ದುಡ್ಡು ಬಂತು. ರಾತ್ರಿ ಹತ್ತರ ಮೇಲೆ ಹೋದರೆ ಕ್ಯೂ ಇರಲ್ಲ. ಕೈಮರದ ತಮ್ಮಾ, ಡಿಕ್ಕಿ ಮಾತ್ರ ಮರೆತುಬಿಡು. ಅಲ್ಲಿ ಸಿಲಿಂಡರೇ ಮಲಗಿರುತ್ತೆ. ಬ್ಯಾಗೆಲ್ಲ ಮೇಲೆ ಕ್ಯಾರಿಯರ್‌ಗೆ, ಮಳೆಗೆ ಟಾರ್ಪಾಲು.

ಕೈಮರ ಹುಡುಗ: ನಮ್ಮಲ್ಲಿ ಜೂನ್‌ನಲ್ಲಿ ಕಟ್ಟಿದ ಟಾರ್ಪಾಲು ಸೆಪ್ಟೆಂಬರ್ ತನಕ ಬಿಚ್ಚಂಗಿಲ್ಲ ಅಣ್ಣಾ! ಕ್ಯಾರಿಯರ್ ಎಲ್ಲಿ ಹಾಕಿಸಿದ್ರಿ, ಎಷ್ಟಾಯ್ತು?