ನಮ್ಮ ಖಾಸಗಿ ರಸ್ತೆ ರಿಪೇರಿ: ಐದು ಮನೆಗೆ ಖರ್ಚು ಹಂಚೋದು ಹೇಗೆ?

ಗುಡ್ಡೆಮನೆ, ಸುಳ್ಯ ತಾಲೂಕು:

ಎಲ್ಲರಿಗೂ ನಮಸ್ಕಾರ. ಪಂಚಾಯತ್ ರಸ್ತೆಯಿಂದ ನಮ್ಮ ಮನೆಗೆ 1,100 ಮೀಟರ್ ಮಣ್ಣಿನ ರಸ್ತೆ ಇದೆ. ಐದು ಮನೆಗಳಿಗೆ ಇದೊಂದೇ ದಾರಿ. ನಮ್ಮದು ಕಟ್ಟಕಡೆಯ ಮನೆ.

1997ರವರೆಗೆ ಇಲ್ಲಿ ಇದ್ದದ್ದು ಕಾಲುದಾರಿ ಮಾತ್ರ. ಅಜ್ಜಿಗೆ ಲಕ್ವ ಹೊಡೆದ ದಿನ ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತುಕೊಂಡು ಹೋದರು. ನಾನು ಆಗ ಏಳನೇ ಕ್ಲಾಸು. ಟಾರ್ಚ್ ಹಿಡಿದು ಮುಂದೆ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದೇ ವರ್ಷ ಎಲ್ಲರೂ ಸೇರಿ ಗುಡ್ಡೆ ಕಡಿದು ರಸ್ತೆ ಮಾಡಿದರು. ಮೊದಲ ಮನೆಯ ಮಾಸ್ಟ್ರು 12 ಅಡಿ ಅಗಲಕ್ಕೆ ಜಾಗ ಬಿಟ್ಟುಕೊಟ್ಟರು. ಒಂದು ಸಾಲು ಫಲ ಬರುವ ಅಡಿಕೆ ಮರ ಅದಕ್ಕೇ ಹೋಯಿತು. ಎಲ್ಲವೂ ಬಾಯಿಮಾತಿನಲ್ಲೇ ಆಗಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ಈ ಜೂನ್‌ನಲ್ಲಿ ಎರಡನೇ ಮನೆಯವರು ರಬ್ಬರ್ ಮರ ಮಾರಿದರು. ಮಳೆ ಹಿಡಿದ ಮೇಲೆ ಮರದ ಲಾರಿ ಐದಾರು ಸಲ ಬಂತು. ಟಯರ್ ಹೂತ ಜಾಗದಲ್ಲೇ ನೀರು ಹರಿಯೋಕೆ ಶುರುವಾಯಿತು. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮೇಲಿನ ಮೋರಿಯೂ ಕಟ್ಟಿಕೊಂಡಿತು. ಈಗ ಏರಿನಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿದೆ. ಆಟೋದವರು ಬರೋದಿಲ್ಲ. ನಾಲ್ಕನೇ ಮನೆಯ ಅಕ್ಕ ಒಬ್ಬರೇ ಇರುವುದು, ಅವರ ಹತ್ತಿರ ಸ್ಕೂಟಿ ಬಿಟ್ಟರೆ ಬೇರೆ ಗಾಡಿ ಇಲ್ಲ. ರೇಷನ್ ಅಕ್ಕಿಯನ್ನು ತಲೆ ಮೇಲೆ ಹೊತ್ತುಕೊಂಡು ಹತ್ತುತ್ತಿದ್ದಾರೆ.

ರಿಪೇರಿಗೆ ಲೆಕ್ಕ ಹಾಕಿಸಿದೆ. ಜೆಸಿಬಿ 12 ಗಂಟೆಗೆ 16,800. ಗ್ರಾವೆಲ್ ಎಂಟು ಲೋಡಿಗೆ 19,200. ಎರಡು ಸಿಮೆಂಟ್ ಪೈಪು, ಕೂರಿಸುವ ಕೂಲಿ ಸೇರಿ 8,000. ಒಟ್ಟು 44,000 ರೂಪಾಯಿ. ಐದು ಪಾಲು ಮಾಡಿದರೆ ಮನೆಗೆ 8,800. ಇದೇ ಸರಿ ಅಂತ ನನ್ನ ವಾದ. ಮಾಸ್ಟ್ರು "ನಾನು ಓಡಾಡೋದು 150 ಮೀಟರ್, ಅದೂ ನನ್ನದೇ ಜಾಗ" ಅನ್ನುತ್ತಾರೆ. ಮೂರನೇ ಮನೆಯವರು ಬೆಂಗಳೂರಿನಲ್ಲಿದ್ದಾರೆ, ಬರುವುದು ವರ್ಷಕ್ಕೆ ಎರಡು ಸಲ. ಅಡಿಕೆ ಕೊಯ್ಲಿನವರ ಪಿಕಪ್ ಮಾತ್ರ ಅವರ ಮನೆಗೆ ಹೋಗುತ್ತದೆ. ಎರಡನೇ ಮನೆಯವರು ಮಾತೇ ಆಡುತ್ತಿಲ್ಲ. ನಿಮ್ಮ ಕಡೆ ಹೇಗೆ ಮಾಡುತ್ತೀರಿ?

ಸೊಪ್ಪಿನಬೆಟ್ಟ, ಶಿರಸಿ:

ದುಡ್ಡು ಹಂಚುವ ಮೊದಲು ನೀರಿನ ದಾರಿ ನೋಡಿ. ನೀರು ಬಿಡಿಸದೆ ಎಂಟು ಲೋಡು ಮಣ್ಣು ಸುರಿದರೆ ಮುಂದಿನ ಜುಲೈಗೆ ಅದು ಹೊಳೆಯಲ್ಲಿರುತ್ತದೆ. ನಮಗೆ ಎರಡು ಸಲ ಹಾಗೇ ಆಗಿದೆ. ರಸ್ತೆ ನಡುವೆ ಎತ್ತರ ಇರಬೇಕು, ಎರಡೂ ಬದಿಗೆ ಇಳಿಜಾರು ಬೇಕು. ಏರಿನಲ್ಲಿ ಅಲ್ಲಲ್ಲಿ ಓರೆಯಾಗಿ ಅಡ್ಡಗಾಲುವೆ ಕೊಡಿ, ನೀರು ಓಟ ಹಿಡಿಯೋದರೊಳಗೆ ಪಕ್ಕಕ್ಕೆ ಇಳಿಯಬೇಕು. ಮೋರಿ ಬಾಯಿಗೆ ದರಕು, ಅಂದರೆ ಒಣಗಿದ ಎಲೆ, ಬಂದು ಕೂರುತ್ತದೆ. ಮಳೆ ಜೋರಾದ ದಿನ ಯಾರಾದರೂ ಒಬ್ಬರು ಹೋಗಿ ಎಳೆದು ಹಾಕಲೇಬೇಕು. ನಾವು ವಾರಕ್ಕೊಂದು ಮನೆ ಅಂತ ಪಾಳಿ ಮಾಡಿಕೊಂಡಿದ್ದೇವೆ. ದುಡ್ಡು ಉಳಿದರೆ ಕಡಿದಾದ ಏರಿಗೆ ಮಾತ್ರ ಚಕ್ರ ಹೋಗುವಲ್ಲಿ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ. ಪೂರ್ತಿ ರಸ್ತೆಗೆ ಬೇಡ.

ಕಾಫಿ ಕಣ, ಕೊಪ್ಪ:

ನಮ್ಮಲ್ಲಿ ತುಂಡು ತುಂಡು ಲೆಕ್ಕ. ಯಾವ ತುಂಡನ್ನು ಯಾರು ದಾಟುತ್ತಾರೋ ಅದರ ಖರ್ಚು ಅವರದ್ದು. ನಿಮ್ಮ ಮನೆಗಳು ಎಷ್ಟೆಷ್ಟು ದೂರ ಇವೆ? 150, 400, 650, 900, 1,100 ಮೀಟರ್ ಅಂತ ಇಟ್ಟುಕೊಳ್ಳೋಣ. ಮೀಟರಿಗೆ 40 ರೂಪಾಯಿ ಬೀಳುತ್ತದೆ. ಮೊದಲ 150 ಮೀಟರಿನ 6,000 ಐದೂ ಮನೆಗೆ. ಆಮೇಲಿನ 250 ಮೀಟರಿನ 10,000 ನಾಲ್ಕು ಮನೆಗೆ. ಹೀಗೇ ಹೋದರೆ ಮೊದಲ ಮನೆಗೆ 1,200, ಎರಡನೆಯದಕ್ಕೆ 3,700, ಮೂರಕ್ಕೆ 7,033, ನಾಲ್ಕಕ್ಕೆ 12,033, ನಿಮಗೆ 20,033.

ಗುಡ್ಡೆಮನೆ, ಸುಳ್ಯ ತಾಲೂಕು:

ದೂರ ಹೆಚ್ಚುಕಡಿಮೆ ಅಷ್ಟೇ. ಆದರೆ ಸ್ಕೂಟಿ ಓಡಿಸುವ ಅಕ್ಕನಿಗೆ 12,033, ಲಾರಿ ತರಿಸಿದವರಿಗೆ 3,700 ಅಂದರೆ ನನಗೆ ಮನಸ್ಸು ಒಪ್ಪುವುದಿಲ್ಲ.

ಕಾಫಿ ಕಣ, ಕೊಪ್ಪ:

ಹೌದು, ಅದು ಸರಿಯಲ್ಲ. ಹಾಗಾದರೆ ಗಾಡಿ ಲೆಕ್ಕ ಸೇರಿಸಿ. ದ್ವಿಚಕ್ರಕ್ಕೆ ಒಂದು ಪಾಲು, ಕಾರು, ಜೀಪು, ಪಿಕಪ್ಪಿಗೆ ಎರಡು. ಮರದ ಲಾರಿ ಬೇಕಾದರೆ ಮಳೆಗಾಲ ಮುಗಿದ ಮೇಲೆ ಬರಲಿ. ಹಾಳಾದದ್ದನ್ನು ಸರಿ ಮಾಡಿಕೊಡುವುದು ಮರ ಮಾರಿದವರ ಜವಾಬ್ದಾರಿ. ಇದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ದಾವೆ ಬೇಡ, ಪುತ್ತೂರು:

ನಾನು ವಕೀಲ. ನಿಮ್ಮ ಪ್ರಶ್ನೆಯಲ್ಲಿ ದೊಡ್ಡ ವಿಷಯ ಮಾಸ್ಟ್ರದ್ದು. 1882ರ ಈಸ್‌ಮೆಂಟ್ಸ್ ಕಾಯ್ದೆಯ (ಬೇರೆಯವರ ಜಾಗದಲ್ಲಿ ದಾರಿಯಂಥ ಹಕ್ಕುಗಳ ಕಾನೂನು) ಸೆಕ್ಷನ್ 25 ಓದಿ. ದಾರಿಯ ಹಕ್ಕು ಯಾರಿಗಿದೆಯೋ, ರಿಪೇರಿ ಖರ್ಚೂ ಅವರದ್ದೇ. ಜಾಗ ಯಾರದ್ದೋ ಅವರು ಅದಕ್ಕಾಗಿ ಏನೂ ಮಾಡಿಕೊಡಬೇಕಾಗಿಲ್ಲ, ದಾರಿಗೆ ಅಡ್ಡಿ ಮಾಡದಿದ್ದರೆ ಸಾಕು. ಇದು ಸೆಕ್ಷನ್ 27. ಬೇರೆ ಒಪ್ಪಂದ ಇಲ್ಲದೆ ನೀವು ಅವರ ಹತ್ತಿರ 8,800 ಕೇಳುವುದು ಕಷ್ಟ.

ಇನ್ನೊಂದು ಮಾತು. 20 ವರ್ಷ ನಡೆದಾಡಿದರೆ ಹಕ್ಕು ಬಂತು ಅಂತ ಎಲ್ಲರೂ ಹೇಳುತ್ತಾರೆ. ಅದು ಹಕ್ಕಿನಿಂದ ನಡೆದ ದಾರಿಗೆ. ಅನುಮತಿ ಕೊಟ್ಟು ಬಿಟ್ಟ ದಾರಿಗೆ ಆ ಲೆಕ್ಕ ಹಾಗೇ ಹಿಡಿಯುವುದಿಲ್ಲ. ಮಾಸ್ಟ್ರು ಗಟ್ಟಿ ಇರುವಾಗಲೇ, ಅವರ ಒಪ್ಪಿಗೆಯಿಂದ ದಾರಿ ಹಕ್ಕಿನ ಪತ್ರ ಮಾಡಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಅಗಲ, ಉದ್ದ, ಯಾವ ಸರ್ವೆ ನಂಬರ್, ಯಾವ ಮನೆಗಳಿಗೆ, ರಿಪೇರಿ ಯಾರದ್ದು, ಎಲ್ಲ ಅದರಲ್ಲಿರಲಿ. ನಾಳೆ ಜಾಗ ಕೈ ಬದಲಾದರೂ ಭಯ ಇರುವುದಿಲ್ಲ. ಪಂಚಾಯತಿಗೆ ಬಿಟ್ಟುಕೊಡುವ ಯೋಚನೆ ಇದ್ದರೆ ಜಾಗದವರೆಲ್ಲ ಬರೆದುಕೊಡಬೇಕು. ಆಮೇಲೆ ಅದು ಊರಿನ ರಸ್ತೆ, ಮುಚ್ಚೋಕೆ ಆಗಲ್ಲ.

ಗುಡ್ಡೆಮನೆ, ಸುಳ್ಯ ತಾಲೂಕು:

ಎಲ್ಲರಿಗೂ ಧನ್ಯವಾದ. ವಕೀಲರ ಮಾತು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಬಿಟ್ಟುಕೊಟ್ಟ ಜಾಗದ ಲೆಕ್ಕಕ್ಕೆ ಹೋಗದೆ, ಮರವನ್ನೂ ಕಡಿದುಕೊಟ್ಟ ಮಾಸ್ಟ್ರ ಹತ್ತಿರ ನಾನು ಸಮಪಾಲು ಕೇಳಿದ್ದೆ. ಬೆಳಿಗ್ಗೆ ಅವರ ಮನೆಗೆ ಹೋಗಿ "ಮಾಸ್ಟ್ರೇ, ನಿಮ್ಮ ಪಾಲು ಆವತ್ತೇ ಕೊಟ್ಟಾಗಿದೆ, ನಾನು ಕೇಳಿದ್ದು ತಪ್ಪಾಯ್ತು" ಅಂದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಪತ್ರ ಮಾಡಿಸು, ಸಹಿ ಹಾಕುತ್ತೇನೆ" ಅಂದರು.

ಉಳಿದ ಲೆಕ್ಕ ಹೀಗೆ ಹಾಕಿದ್ದೇನೆ. ಕೊನೆಯ 200 ಮೀಟರಿನ 8,000 ಪೂರ್ತಿ ನನ್ನದು, ಅಲ್ಲಿ ಬೇರೆ ಯಾರೂ ಬರುವುದಿಲ್ಲ. ಉಳಿದ 36,000ಕ್ಕೆ ಆರು ಪಾಲು, ಪಾಲಿಗೆ 6,000. ಲಾರಿ ತರಿಸಿದ ಎರಡನೇ ಮನೆಗೆ ಎರಡು, ನನ್ನ ಜೀಪಿಗೆ ಎರಡು, ಅಪರೂಪಕ್ಕೆ ಬರುವ ಬೆಂಗಳೂರಿನವರಿಗೆ ಒಂದು, ಅಕ್ಕನಿಗೆ ಒಂದು. ನನಗೆ 20,000 ಆಯಿತು. ಅಕ್ಕ ಎರಡು ಕಂತಿನಲ್ಲಿ ಕೊಡುತ್ತಾರಂತೆ. ಬೆಂಗಳೂರಿನವರು ಫೋನಿನಲ್ಲೇ ಒಪ್ಪಿದರು, ಮಧ್ಯಾಹ್ನದೊಳಗೆ ದುಡ್ಡೂ ಹಾಕಿದರು.

ಎರಡನೇ ಮನೆಯ ಅಣ್ಣ ಇನ್ನೂ ಹೂಂ ಅಂದಿಲ್ಲ. ಲಾರಿಯಿಂದ ಹಾಳಾದದ್ದು ಹೌದು ಅಂತ ಮಾತ್ರ ಹೇಳಿದ್ದಾರೆ. ಭಾನುವಾರ ಮಾಸ್ಟ್ರ ಮನೆ ಜಗಲಿಯಲ್ಲಿ ಎಲ್ಲರೂ ಕೂರುತ್ತೇವೆ. ಶಿರಸಿಯವರು ಹೇಳಿದ ಪಾಳಿಯನ್ನೂ ಅಲ್ಲೇ ಬರೆಯುತ್ತೇವೆ. ಇನ್ನು ಮೇಲೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಒಳಗೆ ಕಣಿ (ನೀರು ಹರಿಯುವ ಚರಂಡಿ) ಬಿಡಿಸುವುದು, ಆಟಿ ಮುಗಿಯುವವರೆಗೆ ಮೇಲಿನ ಮೋರಿ ನನ್ನ ಜವಾಬ್ದಾರಿ. ಪೈಪಿಗೆ ಇವತ್ತೇ ಹೇಳಿ ಬಂದೆ.