ವೈ ಡಿಎನ್‌ಎ ಟೆಸ್ಟ್ ಮಾಡ್ಸಿದ್ರೆ ಮನೆತನದ ಮೂಲ ಸಿಗತ್ತಾ?

ಪ್ರಶ್ನೆ (ಸಕಲೇಶಪುರದಿಂದ): ನಮಸ್ತೆ ಮೇಡಂ. ನಮ್ಮನೆ ಹೆಸರು ಹೊಸಮನೆ, ಅದನ್ನೇ ಸರ್‌ನೇಮ್ ಅಂತ ಆಧಾರ್‌ನಲ್ಲಿ ಹಾಕ್ಸಿದೀವಿ. ಮೂಡಿಗೆರೆ ಕಡೆನೂ ಹೊಸಮನೆಯವ್ರು ಇದಾರೆ, ಅವ್ರೂ ನಾವೂ ಅಣ್ಣತಮ್ಮಂದಿರ ಪೈಕಿ, ಆರೇಳು ತಲೆ ಹಿಂದೆ ಬೇರೆ ಆದ್ವಿ ಅಂತಾರೆ ತಾತ. ನಾನು ವೈ ಡಿಎನ್‌ಎ ಮಾಡ್ಸಿದ್ರೆ ಮೂಲದ ಊರು ಗೊತ್ತಾಗತ್ತಾ? ತಂಗಿ ಒಂದು ಕಿಟ್ ತರ್ಸಿ ಉಗುಳು ಕಳ್ಸಿದ್ಲು, ಬರೀ ದಕ್ಷಿಣ ಭಾರತ ಇಷ್ಟು ಪರ್ಸೆಂಟ್ ಅಂತ ಬಂತು.

ಉತ್ತರ: ಊರು ಗೊತ್ತಾಗಲ್ಲ ಸಾರ್, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ದುಡ್ಡು ದಂಡ ಆಗೋದು ಬೇಡ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗೋದು, ಅದ್ಕೇ ನಿಮ್ ತಂಗಿ ಟೆಸ್ಟಲ್ಲಿ ಅದು ಇರೋಕೇ ಸಾಧ್ಯ ಇಲ್ಲ, ಅವ್ರು ಮಾಡ್ಸಿರೋದು ಅಪ್ಪ ಅಮ್ಮ ಎರಡೂ ಕಡೆ ಬೆರೆತಿರೋ ಬೇರೆ ಟೆಸ್ಟು. ನೀವು ಮಾಡ್ಸಿದ್ರೆ ಎಚ್, ಎಲ್, ಆರ್1ಎ, ಜೆ2 ಹಿಂಗೆ ಏನೋ ಒಂದು ಗುಂಪಿನ ಹೆಸರು ಬರತ್ತೆ. ಅದು ಸಾವಿರಾರು ವರ್ಷದ ಹಿಂದಿನ ಕಥೆ, ನಮ್ ಕಡೆ ಈ ಗುಂಪುಗಳು ಬೇರೆಬೇರೆ ಜಾತಿಗಳಲ್ಲಿ ಹರಡ್ಕೊಂಡಿವೆ, ಅದನ್ನ ಹಿಡ್ಕೊಂಡು ಜಾತಿ ಜಗಳಕ್ಕೆ ಮಾತ್ರ ಹೋಗ್ಬೇಡಿ.

ಒಬ್ರೇ ಮಾಡ್ಸೋದ್ರಲ್ಲಿ ಅರ್ಥ ಕಮ್ಮಿ, ಕಂಪನಿಗಳ ಡೇಟಾಬೇಸಲ್ಲಿ ನಮ್ಮೋರು ತೀರಾ ಕಮ್ಮಿ ಇದಾರೆ. ನಿಮ್ಮನೇಲಿ ಒಬ್ರು, ಮೂಡಿಗೆರೆ ಮನೇಲಿ ಒಬ್ರು, ಇಬ್ರೂ ಗಂಡು ಮಕ್ಕಳ ಸಾಲಿನೋರೇ ಆಗಿರ್ಬೇಕು (ಮಗಳ ಮಗ ಆಗಲ್ಲ), ಒಟ್ಟಿಗೆ ಮಾಡ್ಸಿ. 37 ಮಾರ್ಕರ್ (ವೈ ಮೇಲೆ ಹೋಲಿಸಿ ನೋಡೋ ಜಾಗಗಳು) ಟೆಸ್ಟಿಂದ ಶುರು ಮಾಡಿ. ಎಲ್ಲಾ ಅಥವಾ ಒಂದೆರಡು ಬಿಟ್ಟು ಉಳ್ದಿದ್ದೆಲ್ಲಾ ಕೂಡಿದ್ರೆ ತಾತ ಹೇಳಿದ್ದು ನಿಜ ಇರ್ಬಹುದು, ಹತ್ತು ಹದಿನೈದು ತಪ್ಪಿದ್ರೆ ಈ ಆರೇಳು ತಲೇಲಿ ಗಂಡು ಕಡೆಯಿಂದ ಸಂಬಂಧ ಇಲ್ಲ. ಕೂಡಿದ ಮೇಲೆ ಇನ್ನೂ ಗಟ್ಟಿ ಮಾಡ್ಕೋಬೇಕು ಅನ್ಸಿದ್ರೆ 111 ಮಾರ್ಕರ್ ಟೆಸ್ಟಿಗೆ ಹೋಗಿ.

ಇಂಗ್ಲೆಂಡಲ್ಲಿ ಆದ್ರೆ ಸರ್‌ನೇಮು ನೂರಾರು ವರ್ಷದಿಂದ ಅಪ್ಪನಿಂದ ಮಗನಿಗೆ ಇಳ್ಕೊಂಡು ಬಂದಿದೆ. 2000ದಲ್ಲಿ ಬ್ರಯಾನ್ ಸೈಕ್ಸ್ ಅನ್ನೋ ವಿಜ್ಞಾನಿ ತನ್ನದೇ ಸರ್‌ನೇಮಿನ ಗಂಡಸರನ್ನ ಪರೀಕ್ಷೆ ಮಾಡಿದ್ರೆ ಅರ್ಧಕ್ಕೆ ಸ್ವಲ್ಪ ಕಮ್ಮಿ ಜನಕ್ಕೆ ಒಂದೇ ಥರ ವೈ ಸಿಕ್ತು. ನಮ್ದು ಹಂಗಲ್ಲ, ಊರಲ್ಲಿ ಯಾರು ಹೊಸದಾಗಿ ಮನೆ ಕಟ್ಟಿದ್ರೂ ಅವ್ರು ಹೊಸಮನೆಯವ್ರೇ.

ಅದ್ಕೇ ಟೆಸ್ಟಿಗೆ ಮುಂಚೆ ತಾತನ್ನ ಕೇಳಿ: ಎರಡೂ ಮನೆಗೆ ಬೆಡಗು (ಕುಲದೊಳಗಿನ ವಂಶದ ಗುಂಪು) ಒಂದೇನಾ, ಮನೆದೇವ್ರು ಒಂದೇನಾ, ಅಲ್ಲಿ ಸಾವಾದ್ರೆ ನಿಮಗೆ ಸೂತಕ ಇದ್ಯಾ, ಎರಡು ಮನೆ ಮಧ್ಯೆ ಯಾವತ್ತಾದ್ರೂ ಹೆಣ್ಣು ಕೊಟ್ಟು ತಂದಿದ್ದು ಇದ್ಯಾ. ಕೊಟ್ಟು ತಂದಿದ್ರೆ ಹಿರಿಯರ ಲೆಕ್ಕದಲ್ಲಿ ನೀವು ದಾಯಾದಿಗಳೇ ಅಲ್ಲ, ನೆಂಟರು. ನಿಮ್ ಕಡೆ ಹೆಳವರು (ಮನೆತನಗಳ ವಂಶಾವಳಿ ಹೇಳೋರು) ಬರ್ತಿದ್ರೆ ಬಿಡ್ಲೇಬೇಡಿ, ಕೂರ್ಸಿ ವಂಶಾವಳಿ ಬರ್ಕೊಳಿ. ಮೂಲದ ಊರು ಸಿಕ್ಕಿದ್ರೆ ಅಲ್ಲೇ ಸಿಗ್ಬೇಕು.

ಪ್ರಶ್ನೆ (ಅವರೇ): ಥ್ಯಾಂಕ್ಸ್ ಮೇಡಂ. ಮುತ್ತಾತನ ಅಪ್ಪ ಮನೆ ಅಳಿಯ ಆಗಿ ಬಂದೋರು ಅಂತ ಈಗಷ್ಟೇ ತಾತ ಬಾಯಿಬಿಟ್ರು 😅

ಉತ್ತರ: ಹಂಗಾದ್ರೆ ಆಟನೇ ಬೇರೆ ಆಯ್ತಲ್ಲ! ಆಸ್ತಿ, ಮನೆ ಹೆಸರು ಹೊಸಮನೆದು, ನಿಮ್ ವೈ ಮಾತ್ರ ಆ ಅಳಿಯ ಹುಟ್ಟಿದ ಮನೇದು. ಮೂಡಿಗೆರೆಯವ್ರ ಜೊತೆ ಕೂಡಲ್ಲ, ಕೂಡಲಿಲ್ಲ ಅಂತ ತಾತ ಸುಳ್ಳು ಹೇಳಿದ್ರು ಅಂತನೂ ಅಲ್ಲ. ಹೊಸಮನೆ ರಕ್ತ ಬೇಕಂದ್ರೆ ಆ ಅಳಿಯ ಬರೋಕ್ಕೂ ಮುಂಚೆನೇ ಬೇರೆ ಹೋದ ಗಂಡು ಕವಲು ಹುಡುಕಿ, ಅದ್ರಲ್ಲಿ ಯಾರನ್ನಾದ್ರೂ ಒಪ್ಪಿಸಿ.

ಪ್ರಶ್ನೆ (ಕಳಸದಿಂದ): ಮೇಡಂ ನಮ್ದು ಬಂಟ್ರು, ಅಳಿಯಸಂತಾನ. ನಾನೂ ಇದೇ ಮಾಡ್ಸ್ಲಾ?

ಉತ್ತರ: ನಿಮ್ಮಲ್ಲಿ ಬಳಿ (ಬೆಡಗಿನ ಥರದ ವಂಶದ ಗುಂಪು) ಅಮ್ಮನಿಂದ ಬರೋದಲ್ವಾ, ವೈ ಅಪ್ಪನ ಕಡೆಗೆ ಹೋಗ್ಬಿಡತ್ತೆ, ಕುಟುಂಬದ ಸಾಲು ಸಿಗಲ್ಲ. ನಿಮಗೆ ಬೇಕಾಗಿರೋದು ಮೈಟೋಕಾಂಡ್ರಿಯಾ ಟೆಸ್ಟು (ಅಮ್ಮನಿಂದ ಮಾತ್ರ ಮಕ್ಕಳಿಗೆ ಇಳಿಯೋ ಡಿಎನ್‌ಎ), ಅದನ್ನ ಹೆಂಗಸ್ರೂ ಕೊಡ್ಬಹುದು. ಆದ್ರೆ ಅದು ತುಂಬಾ ನಿಧಾನ ಬದಲಾಗತ್ತೆ, ಕೂಡಿದ್ರೂ ನೂರು ವರ್ಷನೋ ಸಾವಿರ ವರ್ಷನೋ ಹೇಳೋದು ಕಷ್ಟ.

ಪ್ರಶ್ನೆ (ಸಕಲೇಶಪುರ): ಕೊನೇದು ಮೇಡಂ, ಬೇರೆ ಕವಲಿನ ದೊಡ್ಡಪ್ಪ ಒಬ್ರು ಒಪ್ಕೊಂಡ್ರು, ಆದ್ರೆ ಎಲೆ ಅಡಿಕೆ ಬಾಯಿಂದ ತೆಗ್ಯೋದೇ ಇಲ್ಲ.

ಉತ್ತರ: ಬೆಳಗ್ಗೆ ಎದ್ದ ತಕ್ಷಣ, ಕಾಫಿಗೂ ಮುಂಚೆ ಹಿಡೀರಿ. ನೀರಲ್ಲಿ ಬಾಯಿ ಮುಕ್ಕಳಿಸ್ಲಿ, ಆಮೇಲೆ ಕೆನ್ನೆ ಒಳಗಡೆ ಕಡ್ಡಿ ಆಡ್ಸಿ, ಕಿಟ್‌ನಲ್ಲಿ ಎಷ್ಟು ಹೊತ್ತು ಅಂತ ಬರ್ದಿರತ್ತೋ ಅಷ್ಟು ಹೊತ್ತು. ಮತ್ತೆ ರಿಸಲ್ಟ್ ಹೆಂಗೆ ಬಂದ್ರೂ ಮೊದ್ಲು ಅವ್ರಿಗೇ ಹೇಳಿ, ಫ್ಯಾಮಿಲಿ ವಾಟ್ಸಾಪಿಗೆ ಆಮೇಲೆ.